ಪದ ಹಾಡಿಕೋತ ಕೂಸಿಗಿ ಎರದೆ

ನಿನ್ನಿ ನನ್ನ ಮೊಮ್ಮಗಳನ್ನ ತೊಟ್ಟಲದಾಗ ಹಾಕಿದಿವಿ. ಜೋಗುಳ ಪದ ನಾನೇ ಹಾಡಿದೆ, ಮೊದಲಿಂದ ಕಡೀತನಕ, ಯಾರೂ ನನಗ ಒಂದು ಶಬ್ದ ಎತ್ತಿ ಕೊಡಲಿಲ್ಲ. ಕೂಸು ಹುಟ್ಟಿದಾಗಿಂದ ದಿನಾ ಅದಕ್ಕ ನೀರು ಎರಿಯಾಕತ್ತಾಕಿನೂ ನಾನೇ, ಮಗಳ ಬಾಣಂತನ ಮಾಡಾಕತ್ತಾಕಿನೂ ನಾನೇ. ಈ ಮಾತು ಊರಾಗ ಕಂಡಕಂಡವರಿಗೆಲ್ಲ ಹೇಳಿ ಆಗ್ಯಾದ. ಗಿರಣಿಗಿ ಬಂದವರಿಗಿ ಹೇಳೀನಿ, ಬಸ್ಸಿನ ಕಂಡಕ್ಟರಗ ಹೇಳೀನಿ, ಹಾಲಿನಾಕಿಗಿ ಎರಡು ಸಲ ಹೇಳೀನಿ. ಇನ್ನ ಉಳಿದವರು ನೀವು, ಅದಕ್ಕ ಬರಿಯಾಕ ಕುಂತೀನಿ.

ನಾ ನಾಕನೇತ್ತ ತನಕ ಸಾಲಿ ಕಲ್ತಾಕಿ. ಅಕ್ಷರ ಮೊದಲೇ ಗುಂಡಗಿದ್ದಿಲ್ಲ, ಅದರಾಗ ಬಲಗೈ ಒಮ್ಮೆ ಮಲಗಿ ಎದ್ದದ್ದು. ಆದ್ರೂ ಬರೀತೀನಿ. ಯಾಕಂದ್ರ ನನಗ ಲಕ್ವಾ ಹೊಡದು, ದವಾಖಾನಿ ಮಂಚದ ಮ್ಯಾಲ ಮಾತಿಲ್ಲದ ಮಲಗಿದಾಗ, ಇದರಾಗಿಂದ ಎದ್ದು ಬಂದು ನಕ್ಕೋತ ಓಡಾಡೋ ಹೆಣ್ಣಮಗಳು ಒಬ್ಬಾಕಿನೂ ನನಗ ಗೊತ್ತಿದ್ದಿಲ್ಲ. ಈಗ ನಾ ಅದೀನಿ. ನಿಮ್ಮ ಮನ್ಯಾಗ ಯಾರಾದ್ರೂ ಹಂಗ ಮಲಗಿದ್ರ ಅವರ ಮುಂದ ಇದನ್ನ ಓದ್ರಿ.

ನನ್ನ ರೋಗದ ಮಾತು ಹೇಳಬೇಕಂದ್ರ ಮೊದಲ ನನ್ನ ಪದಗಳ ಮಾತು ಹೇಳಬೇಕು. ಅವನ್ನ ಬಿಟ್ಟು ಇದನ್ನ ಹೇಳಾಕ ಬರಂಗಿಲ್ಲ.

ನನ್ನ ಹೆಸರು ಭಾಗಮ್ಮ. ತವರುಮನಿ ವಡಗೇರಾ, ಕೊಟ್ಟದ್ದು ವನದುರ್ಗಕ್ಕ. ನಮ್ಮದು ಹಿಟ್ಟಿನ ಗಿರಣಿ. ನಮ್ಮ ಮನಿಯವರು ಗಿರಣಿ ನಡಸ್ತಾರ, ನಾ ಮ್ಯಾಲಿಂದ ಜ್ವಾಳ ಸುರೀತೀನಿ. ಮದವಿಯಾಗಿ ಬಂದಾಗ ಮನ್ಯಾಗ ಅತ್ತಿ, ಮಾವ, ಮೈದುನರು. ಸೊಸಿ ದನಿ ಹೊಸ್ತಲ ದಾಟಬಾರದು ಅನ್ನೋ ಕಾಲ. ಗಿರಣಿಯಾಗ ಮಾತ್ರ ನಾ ಬೇಕಾದಷ್ಟು ಗಂಟಲು ತೆರೀಬಹುದಿತ್ತು. ಪಟ್ಟಾ ತಿರುಗೋ ಸಪ್ಪಳದಾಗ ನಾ ಏನು ಹಾಡಿದ್ರೂ ಅತ್ತಿ ಕಿವಿಗಿ ಬೀಳ್ತಿದ್ದಿಲ್ಲ. ಹಂಗಾಗಿ ನನ್ನ ಪದಗಳೆಲ್ಲ ಆ ಸಪ್ಪಳದೊಳಗೇ ಬೆಳದ್ವು.

ಎಲ್ಲಕಿಂತ ಪ್ರೀತಿದು ನಮ್ಮವ್ವ ಬೀಸೋ ಮುಂದ ಹಾಡ್ತಿದ್ದ ಪದ. "ಮೆಲ್ಲಕ ತಿರುಗ ನನ ಕಲ್ಲೆ, ನಿನಗೆಲ್ಲಿ ಹೋಗೋ ಅವಸರ" ಅಂತ ಸುರು ಆಗ್ತದ. ಅವ್ವ ತಾನೇ ಕಟ್ಟಿದ್ಳೋ, ಅವರವ್ವನ ಕಡಿಂದ ಕಲ್ತಿದ್ಳೋ ಗೊತ್ತಿಲ್ಲ. ಸಣ್ಣಾಕಿದ್ದಾಗ ನನಗ ಈ ಪದದ ಮ್ಯಾಲ ಸಿಟ್ಟಿತ್ತು. ಲಗೂನ ಬೀಸಿ ಮುಗಿಸಿದ್ರ ಆಡಾಕ ಹೋಗಬಹುದು, ಅವ್ವ ನೋಡಿದ್ರ ಕಲ್ಲಿಗಿ ಮೆಲ್ಲಕ ತಿರುಗು ಅಂತಾಳ.

"ಯವ್ವ, ಲಗೂ ತಿರುಗು ಅಂತ ಹಾಡಬಾರದೇನ?"

"ಲಗೂ ತಿರುಗಿದ್ರ ಹಿಟ್ಟು ನುಚ್ಚಾಗ್ತದ. ಆಮ್ಯಾಲ ರೊಟ್ಟಿ ಮುಂದ ಕುಂತು ಮೂಗು ಮುರಿಯಾಕಿ ನೀನೇ."

ಎರಡನೇ ಪದ ಖಾಸಿಂಬಿದು. ಖಾಸಿಂಬಿ ನಮ್ಮ ಓಣಿಯಾಕಿ, ನಾ ಈ ಊರಿಗಿ ಬಂದ ವರ್ಷದಿಂದ ಗೆಳತಿ. ಮೊಹರಂದ ಅಲಾಯಿ ಹಬ್ಬದಾಗ ಗಂಡಸರು ಹೆಜ್ಜಿ ಹಾಕೋತ ಹಾಡೋ ಪದ ಅದು, ಅಕಿ ಅದನ್ನ ಜ್ವಾಳದ ಡಬ್ಬಿ ಮ್ಯಾಲ ಬಾರಿಸಿಕೋತ ಹಾಡ್ತಾಳ. ಅರ್ಧ ತಿಳೀತದ, ಅರ್ಧ ತಿಳಿಯಂಗಿಲ್ಲ. ದುಃಖದ ಪದ, ಆದ್ರ ಕೇಳಿದ್ರ ಕಾಲು ಸುಮ್ಮನಿರಂಗಿಲ್ಲ. ಅಳೋ ಮನುಷ್ಯಾನ ಕಾಲಿಗೂ ನಡಿಯೋ ಶಕ್ತಿ ಕೊಡೋ ಪದ ಅಂತ ನನಗ ಆಮ್ಯಾಲ ತಿಳೀತು.

ಹೋದ ವರ್ಷ ಹೊಸ ಜ್ವಾಳ ಮನಿಗಿ ಬಂದಿದ್ದ ಹೊತ್ತು. ಮುಂಜಾನೆ ಗಿರಣಿ ಮುಂದ ಡಬ್ಬಿ ಸಾಲಹಚ್ಚಿ ಇಟ್ಟಿದ್ರು. ಖಾಸಿಂಬಿದು ಡಬ್ಬಿ ಎತ್ತಿ ನಾ ಜ್ವಾಳ ಸುರಿಯಾಕತ್ತಿದ್ದೆ, ಬಾಯಾಗ ಅವ್ವನ ಪದ ಇತ್ತು. ಇದ್ದಕ್ಕಿದ್ದಂಗ ಪದ ಬಾಯಾಗೇ ಮುದ್ದಿ ಆತು. ಮುಂದಿನ ಶಬ್ದ ಗೊತ್ತದ, ನಾಲಗಿ ಮ್ಯಾಲ ಬರವಲ್ಲದು. ಬಲಗೈಯಾಗಿನ ಡಬ್ಬಿ ಜಾರಿ ಬಿತ್ತು.

"ಏ ಭಾಗವ್ವ, ಚೆಲ್ಲಾಕ ನಂದೇ ಜ್ವಾಳ ಸಿಕ್ತೇನ ನಿನಗ?" ಅಂತ ಖಾಸಿಂಬಿ ನಕ್ಕಳು. ಆಮ್ಯಾಲ ನನ್ನ ಮಾರಿ ನೋಡಿದ್ಳು. ನಗಿ ಅಲ್ಲೇ ನಿಂತಿತು.

ಮನಿಯವರು ಗಿರಣಿ ಬಂದ್ ಮಾಡಿದ್ರು. ಅಷ್ಟು ವರ್ಷದಾಗ ಹಗಲಹೊತ್ತಿನ್ಯಾಗ ಹಂಗ ಸಪ್ಪಳಿಲ್ಲದ ಗಿರಣಿ ನಾ ನೋಡಿದ್ದಿಲ್ಲ. ಮಂದಿ ಕೂಡಿದ್ರು. ಬಾಯಿ ಸೊಟ್ಟಾಗ್ಯಾದ, ಲಕ್ವಾನೇ ಅಂದ್ರು. ಒಬ್ಬರು, ಪಾರಿವಾಳ ತರ್ರಿ, ಅದರ ರಕ್ತ ತಿಕ್ಕಿದ್ರ ಇಳೀತದ ಅಂದ್ರು. ಇನ್ನೊಬ್ಬರು ಪಾರಿವಾಳ ಹಿಡಿಯಾಕ ಹೊಂಟೂ ಬಿಟ್ರು.

"ನೀವು ಪಾರಿವಾಳ ಹಿಡಿಯೋದರಾಗ ಇಕಿ ಹಾರಿ ಹೋಗ್ತಾಳ. ದೇವೂನ ಗಾಡಿ ತರಸ್ರಿ" ಅಂದ್ಳು ಖಾಸಿಂಬಿ. ದೇವು ನನ್ನ ಮಗ. ಶಹಾಪುರಕ್ಕ ಟಂಟಂ ಹೊಡೀತಾನ. ಅದರಾಗೇ ಹಾಕ್ಕೊಂಡು ಶಹಾಪುರಕ್ಕ ಒಯ್ದ, ಅಲ್ಲಿಂದ ಯಾದಗಿರಿಗಿ ಕಳಿಸಿದ್ರು. ಜಲ್ದಿ ತಂದದ್ದು ಚಲೋ ಆತು ಅಂದ್ರಂತ. ಅದೊಂದು ಮಾತು ನೀವೂ ನೆನಪಿಡ್ರಿ. ಪಾರಿವಾಳ ಹಾರಿಕೊಂಡಿರಲಿ, ನೀವು ಗಾಡಿ ಹತ್ರಿ.

ದವಾಖಾನಿಯಾಗ ನನ್ನ ಒಳಗ ಒಯ್ದ ಮ್ಯಾಲ ನಮ್ಮ ಮನಿಯವರು ಹೊರಗ ಬೆಂಚಿನ ಮ್ಯಾಲ ಕುಂತಿದ್ರಂತ. ತೆಲಿ, ಮೀಸಿ, ಅಂಗಿ ಎಲ್ಲಾ ಹಿಟ್ಟು. ಕೈಯಾಗ ನನ್ನ ಚಪ್ಪಲಿ. ಬಾಜೂ ಕುಂತಾಕಿ ಒಬ್ಬಾಕಿ, "ಏನ್ ಮುತ್ಯಾ, ಸುಣ್ಣ ಹಚ್ಚೋ ಕೆಲಸ ಮಾಡ್ತಿಯೇನು?" ಅಂತ ಕೇಳಿದ್ಳಂತ. ಇವರು ಚಪ್ಪಲಿ ಇನ್ನೊಂಚೂರು ಗಟ್ಟಿ ಹಿಡಕೊಂಡ್ರಂತ. ಯಾರಾದ್ರೂ ಒಯ್ದಾರು ಅಂತ ಅಲ್ಲ, ಚಪ್ಪಲಿ ಕೈಯಾಗಿದ್ರ ನಾ ಅವನ್ನ ಹಾಕ್ಕೊಂಡು ಹೊರಗ ಬರ್ತೀನಿ ಅಂತ ಅನ್ನಿಸ್ತಿತ್ತಂತ.

ನನಗ ಸಾಯೋ ಅಂಜಿಕಿ ಅಷ್ಟಿದ್ದಿಲ್ಲ. ಒಳಗ ಎಲ್ಲಾ ತಿಳೀತಿತ್ತು, ಹೊರಗ ಏನೂ ಬರ್ತಿದ್ದಿಲ್ಲ, ಆ ಅಂಜಿಕಿ ದೊಡ್ಡದಿತ್ತು. ಬಾಗಲ ಹಾಕಿದ ಮನ್ಯಾಗ ಕುಂತು, ಹೊರಗಿನವರು ತಾವೇ ಮಾತಾಡಿಕೊಂಡು ಹೋಗೋದು ಕೇಳಿದಂಗ.

ದಿನಾ ಒಬ್ಬಾಕಿ ಸಣ್ಣ ವಯಸ್ಸಿನ ಡಾಕ್ಟರಮ್ಮ ಬರ್ತಿದ್ಳು. ಮೈಸೂರು ಕಡಿಯಾಕಿ, ಮಾತು ಬೆಣ್ಣಿಯಂಗ. ದೇವೂನ ತೋರಿಸಿ, "ಇವರು ಯಾರು ಹೇಳಿ ಅಮ್ಮ" ಅಂದ್ಳು. ನಾ ಹೆಂಗೋ ತಿಣುಕಿ "ದೇ... ವು" ಅಂದೆ. ಎಲ್ಲಾರಿಗೂ ಖುಷಿ.

"ತುಂಬಾ ಚೆನ್ನಾಗಿ ಹೇಳಿದ್ರಿ. ಈಗ ನಿಮ್ಮ ಯಜಮಾನರ ಹೆಸರು ಹೇಳಿ."

ನಾ ಮಾರಿ ಆಕಡಿ ತಿರುವಿದೆ. ಎಡಗೈಲೆ ಸೆರಗು ಎಳಕೊಂಡೆ.

ಮರುದಿನ ಮತ್ತ ಅದನ್ನೇ ಕೇಳಿದ್ಳು. ನಾ ಮತ್ತ ಸೆರಗು ಎಳಕೊಂಡೆ. ಅಕಿ ದೇವೂನ ಕರದು, "ಅಮ್ಮನಿಗೆ ನಿಮ್ಮ ಹೆಸರು ನೆನಪಿದೆ, ನಿಮ್ಮ ತಂದೆಯವರ ಹೆಸರು ಹೋಗಿರೋ ಹಾಗಿದೆ. ಇನ್ನೂ ಏನೇನು ಹೋಗಿದೆಯೋ ನಿಧಾನವಾಗಿ ನೋಡಬೇಕು" ಅಂತ ಬ್ಯಾಸರಲೆ ಹೇಳಿದ್ಳು. ದೇವು ಕಣ್ಣಾಗ ನೀರು ತಂದ. ನಮ್ಮ ಮನಿಯವರು ಬಾಗಲಾಗ ನಿಂತು ಕೇಳಿ, "ಎಲ್ಲಾರ ಹೆಸರು ಉಳೀತು, ನಂದೊಂದೇ ಹೋತೇನು" ಅಂದ್ರು. ನನಗ ಎಲ್ಲಾ ಕೇಳಸಾಕತ್ತಿತ್ತು. ಮರತಿಲ್ಲರಿ, ಮರಿಯೋ ಹೆಸರಲ್ಲ ಅದು, ಅಂತ ಹೇಳೋಣಂದ್ರ ಅಷ್ಟು ಶಬ್ದ ನನ್ನ ಹತ್ರ ಎಲ್ಲಿದ್ವು?

ಅವತ್ತು ಮಧ್ಯಾಹ್ನ ಸುರಪುರದಿಂದ ನನ್ನ ಮಗಳು ಶರಣಮ್ಮ ಬಂದ್ಳು. ಆಗ ಅಕಿ ಮದವಿಯಾಗಿ ಹೆಚ್ಚು ದಿನ ಆಗಿದ್ದಿಲ್ಲ, ಕೈಯಾಗಿನ ಹಸರು ಬಳಿ ಇನ್ನ ಹಂಗೇ ಇದ್ವು. ಅಣ್ಣನ ಮಾತು ಕೇಳಿ ಅಕಿ ಅಳಲಿಲ್ಲ, ನಕ್ಕಳು.

"ಅಣ್ಣ, ನೀ ಹುಟ್ಟಿದಾಗಿಂದ ಅವ್ವನ ಬಾಯಾಗ ಅಪ್ಪನ ಹೆಸರು ಯಾವಾಗರೆ ಕೇಳಿಯೇನು?"

ದೇವು ವಿಚಾರ ಮಾಡಿದ. ಹಣಿ ಬಡಕೊಂಡ.

"ಡಾಕ್ಟರ್ರೀ, ನಮ್ಮವ್ವ ಮರತಿಲ್ಲರಿ, ನಾಚಿಕೊಂಡಾಳ" ಅಂದ್ಳು ಶರಣಿ, ಡಾಕ್ಟರಮ್ಮನ್ನ ನನ್ನ ಮಂಚದ ಹತ್ರ ಕರಕೊಂಡು ಬಂದು. ನಮ್ಮ ಕಡಿ ಹೆಣ್ಣಮಕ್ಕಳು ಗಂಡನ ಹೆಸರು ಬರೇ ಬಾಯಿಲೆ ಹೇಳಂಗಿಲ್ಲ. ಹೇಳಲೇಬೇಕಂದ್ರ ಒಡಪು ಕಟ್ಟಿ, ಸಾಲಿನ ಕಡಿಗಿ ಹೆಸರು ಸೇರಿಸಿ ಹೇಳಬೇಕು. ಹೊಸ ಸೊಸಿ ಮನಿಗಿ ಬಂದಾಗ ಬಾಗಲಿಗಿ ಅಡ್ಡ ನಿಂತು ಒಡಪು ಹೇಳಿಸಿಯೇ ಒಳಗ ಬಿಡ್ತಾರ. ಆ ಡಾಕ್ಟರಮ್ಮಗ ಇದು ಹೆಂಗ ಗೊತ್ತಾಗಬೇಕು? ಹುಟ್ಟಿ ಬೆಳದ ನನ್ನ ಮಗಗೇ ಹೊಳೀಲಿಲ್ಲ.

ಶರಣಿ ನನ್ನ ಮಂಚದ ಮ್ಯಾಲ ಕುಂತು ಎಡಗೈ ಹಿಡದು ತಾಳ ಹಾಕಿದ್ಳು. "ಯವ್ವ, ಬಾಗಲಾಗ ನಿಂತೀದಿ. ಒಳಗ ಬಿಡಂಗಿಲ್ಲ. ಒಡಪು ಹೇಳು."

ನಾ ಹೇಳಿದೆ. ನಾಲಗಿ ದಪ್ಪಿತ್ತು, ಅರ್ಧ ಗಾಳಿನೇ ಬರ್ತಿತ್ತು, ಆದ್ರ ಒಂದು ಶಬ್ದನೂ ತಪ್ಪಲಿಲ್ಲ.

"ಜ್ವಾಳದ ರಾಶಿಗಿ ಮುತ್ತಿನ ಬಣ್ಣ,
ಮನಿ ಬಾಗಲಿಗಿ ಹಚ್ಚೀನಿ ಸುಣ್ಣ,
ನಕ್ಕರ ಚಂದ ನಮ್ಮ ಸಾಬಣ್ಣ."

ಬಾಜೂ ಮಂಚದವರೆಲ್ಲ ನಕ್ಕರು. ಸಾಬಣ್ಣ ಅನ್ನೋರು ಚಪ್ಪಲಿ ಹಿಡಕೊಂಡೇ ಒಳಗ ಬಂದು ಡಾಕ್ಟರಮ್ಮಗ, "ಇನ್ನೊಮ್ಮೆ ಹೇಳಸ್ರಿ" ಅಂದ್ರು. ಖರೇನೇ ನಕ್ಕರ ಚಂದ ಕಾಣ್ತಾರ.

ಡಾಕ್ಟರಮ್ಮ ಖುರ್ಚಿ ಎಳಕೊಂಡು ಕುಂತ್ಳು. "ಮಾತಿನ ದಾರಿ ಮುಚ್ಚಿದೆ, ಹಾಡಿನ ದಾರಿ ತೆರೆದಿದೆ. ನಿಮ್ಮಮ್ಮನಿಗೆ ಹಾಡೋದಕ್ಕೆ ಬರುತ್ತಾ?"

"ನಮ್ಮವ್ವಗ ಅದೊಂದೇ ಬರ್ತದರಿ" ಅಂದ್ಳು ಶರಣಿ.

ಮನಿಗಿ ಬಂದ ಮ್ಯಾಲ ನಮ್ಮ ಮನಿ ನಾಟಕದ ಕಂಪನಿ ಆತು. ಬರೇ ಮಾತಿಲೆ ನೀರು ಕೇಳಿದ್ರ ಬಾಯಾಗ ಚಾದರ ಅಂತ ಬರ್ತಿತ್ತು. ಇವರು ಚಾದರ ತಂದು ಹೊಚ್ಚತಿದ್ರು, ನಾ ಕಿತ್ತಿ ಒಗೀತಿದ್ದೆ. ಅದಕ್ಕ ಎಲ್ಲಾನೂ ಅವ್ವನ ಪದದ ಧಾಟಿಗಿ ಹಚ್ಚಿ ಹಾಡಾಕ ಸುರು ಮಾಡಿದೆ. "ಮೆಲ್ಲಕ ನೀರ ಕೊಡರೆಪ್ಪ, ನನಗ ಗಂಟಲ ಒಣಗ್ಯಾದ." ಇವರೂ ಅದೇ ಧಾಟಿಲೆ, "ತಂದೇನ ತಡಿಯ ಭಾಗವ್ವ, ನನಗ ಎರಡೇ ಕೈ ಅದಾವ" ಅಂತಿದ್ರು. ಹೊರಗ ಹಿಟ್ಟು ಬೀಸಿಸಿಕೊಳ್ಳಾಕ ಬಂದವರು ಕಿಡಕಿಯಾಗ ಇಣಕಿ ನೋಡ್ತಿದ್ರು. ನೋಡ್ಲಿ ಅಂದೆ. ನನಗ ನೀರು ಸಿಕ್ತಿತ್ತಲ್ಲ.

ಕಾಲಿಗಿ ಖಾಸಿಂಬಿ ಪದ ಔಷಧಿ ಆತು. ಸಂಜಿಗಿ ಬಂದು ಡಬ್ಬಿ ಬಾರಿಸ್ತಿದ್ಳು, ನಾ ಗ್ವಾಡಿ ಹಿಡದು ಅಂಗಳದಾಗ ಹೆಜ್ಜಿ ಹಾಕ್ತಿದ್ದೆ. ಬಲಗಾಲು ತಡದ್ರ ಅಕಿ ಡಬ್ಬಿನೂ ತಡೀತಿದ್ಳು, ಕಾಲು ಬಂದ ಮ್ಯಾಲೇ ಮುಂದ.

ಕೈ ಮಾತ್ರ ಹಟ ಹಿಡದು ಕುಂತಿತ್ತು. ಹಿಚಕಾಕ ಒಂದು ರಬ್ಬರ ಚೆಂಡು ಕೊಟ್ಟಿದ್ರು. ಹಿಚಕಿ ಹಿಚಕಿ ಬ್ಯಾಸರ ಬಂತು, ಅದರಿಂದ ಹಿಟ್ಟು ಬರ್ತದೋ ಏನೋ. ಅಟ್ಟದ ಮ್ಯಾಲಿದ್ದ ಅತ್ತಿ ಬೀಸೋ ಕಲ್ಲು ಇಳಸಾಕ ಹೇಳಿದೆ. ಗಿರಣಿ ಇದ್ದವರ ಮನ್ಯಾಗ ಅದಕ್ಕೇನು ಕೆಲಸ, ವರ್ಷಾನುಗಟ್ಲೆ ಜ್ಯಾಡರ ಬಲಿ ಹಿಡದಿತ್ತು. ನನ್ನ ಬಲಗೈ ಅದರ ಗೂಟಕ್ಕ ಬಟ್ಟಿಲೆ ಕಟ್ಟಿ, ಎದುರಿಗಿ ಮನಿಯವರು ಕುಂತು ಗೂಟ ಹಿಡದು ತಿರುವ್ತಿದ್ರು. ಗಂಡಸು ಕಲ್ಲಿನ ಮುಂದ ಕುಂತದ್ದು ನೋಡಿ ಹೆಣ್ಣಮಕ್ಕಳಿಗಿ ಹಬ್ಬ.

"ಗಿರಣಿ ಸಾವ್ಕಾರ್ರ, ಕರೆಂಟ್ ಹೋಗ್ಯಾದೇನ್ರಿ?"

"ಕರೆಂಟ್ ಅದವ್ವ. ನಿಮ್ಮ ಅಕ್ಕಗ ಗಿರಣಿ ಹಿಟ್ಟು ಸೇರವಲ್ಲದು" ಅಂತಿದ್ರು ಇವರು.

ಮೆಲ್ಲಕ ತಿರುಗ ನನ ಕಲ್ಲೆ. ಸಣ್ಣಾಕಿದ್ದಾಗ ಸಿಟ್ಟು ಬರಿಸಿದ ಮಾತು ಈಗ ಎದಿಗಿ ಹತ್ತಿ ಕುಂತಿತು. ಅವ್ವ ಕಲ್ಲಿಗಿ ಅಷ್ಟೇ ಹೇಳ್ತಿದ್ದಿಲ್ಲ. ಕೆಲಸ ಗುಡ್ಡದಷ್ಟಿದ್ದು ಮೈಯಾಗ ಶಕ್ತಿ ಕಡಿಮಿ ಇದ್ದಾಗ ತನಗ ತಾನೇ ಹೇಳ್ಕೋತಿದ್ಳು. ನಾನೂ ನನ್ನ ಕೈಗಿ ಅದನ್ನೇ ಹೇಳಿದೆ. ಒಂದು ದಿನ ಬಟ್ಟಿ ಸಡಲ ಆದ್ರೂ ಕೈ ಗೂಟ ಬಿಡಲಿಲ್ಲ.

ಅಷ್ಟೊತ್ತಿಗಿ ಶರಣಿ ಬಸುರಾಗಿದ್ಳು. ಸುರಪುರದಾಗ ಬೀಗರ ಮನ್ಯಾಗ ಬಸುರಿಗಿ ಉಡಿ ತುಂಬೋ ಕುಬಸದ ಕಾರ್ಯ ಇಟ್ಟಿದ್ರು, ನಾವೆಲ್ಲ ಹೋದಿವಿ. ನಮ್ಮ ಬೀಗತಿ ನಾಗಮ್ಮ ಬಳಿ ಅಂಗಡಿ ನಡಸಾಕಿ. ಬಾಯಿ ಕಟುವು, ಮನಸ್ಸು ಚಲೋ. ಉಡಿ ತುಂಬಿದ ಮ್ಯಾಲ ನನ್ನ ಬಾಜೂ ಬಂದು ಕುಂತ್ಳು.

"ಬೀಗರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಚೊಚ್ಚಲ ಹೆರಿಗಿ ತವರಾಗ ಆಗಬೇಕು, ನನಗೂ ಗೊತ್ತದ. ಆದ್ರ ಕೂಸಿಗಿ ಎರಿಯೋರು ಯಾರು? ಎಣ್ಣಿ ಹಚ್ಚಿದ ಕೂಸು ಮೀನಿನಂಗ ಜಾರ್ತದ. ನಿಮ್ಮ ಬಲಗೈ ಮ್ಯಾಲ ನನಗ ಭರೋಸ ಇಲ್ಲ. ಹುಡುಗಿ ಇಲ್ಲೇ ಇರಲಿ."

ನಾ ದೇವೂನ ಕಡಿ ನೋಡಿದೆ. "ಅವರು ಖರೇನೇ ಹೇಳ್ತಾರವ್ವ" ಅಂದ. ಶರಣಿ ತೆಲಿ ಕೆಳಗ ಹಾಕಿ ಬಳಿ ತಿರುವಾಕತ್ತಿದ್ಳು. ತವರಿಗಿ ಬರಬೇಕನ್ನೋ ಆಸಿ ಅಕಿ ಮಾರಿ ಮ್ಯಾಲ ಬರದಂಗಿತ್ತು, ಆದ್ರ ಅತ್ತಿ ಮುಂದ ಹೆಂಗ ಬಾಯಿ ತೆಗೀಬೇಕು. ಲಕ್ವಾ ಹೊಡದಾಗ ನಾ ಇಷ್ಟು ಉರಿದಿದ್ದಿಲ್ಲ. ಮಗಳ ಬಾಣಂತನ ನನ್ನ ಕೈಯಾಗಿಂದ ಹೋದ್ರ, ಆಮ್ಯಾಲ ಈ ಕೈ ಇದ್ದು ಏನು ಮಾಡಬೇಕು?

ಸಿಟ್ಟಿನಾಗ ಮಾತು ಒಂದೂ ಬರಲಿಲ್ಲ. ಧಾಟಿ ಬಂತು. ಕುಂತ ಹೆಣ್ಣಮಕ್ಕಳ ನಡುವ ಅವ್ವನ ಪದದ ಧಾಟಿಲೆ, "ಮಗಳ ನಾ ಮನಿಗಿ ಒಯ್ದೇನ, ಕೂಸಿಗಿ ನಾನ ಎರದೇನ" ಅಂತ ಹಾಡೇ ಬಿಟ್ಟೆ. ಹೆಣ್ಣಮಕ್ಕಳು ನಕ್ಕರು. ನಾಗಮ್ಮ ನಗಲಿಲ್ಲ.

"ಪದ ಚಂದ ಅದರಿ. ಕೈ ನೋಡಬೇಕಲ್ಲ."

"ನೋಡಾಕ ಬರ್ರಿ" ಅಂದೆ. ಇದು ಧಾಟಿ ಇಲ್ಲದೇ ಬಂತು.

ಮನಿಗಿ ಬಂದು ನಾವು ಗಂಡ ಹೆಂಡತಿ ಒಂದು ಉಪಾಯ ಮಾಡಿದಿವಿ. ಇವರು ಗಿರಣಿ ತಕ್ಕಡಿಯಾಗ ಹಸಗೂಸಿನ ತೂಕದಷ್ಟು ಹಿಟ್ಟು ತೂಗಿ ಬಟ್ಟಿ ಚೀಲದಾಗ ಹೊಲದು, ಮ್ಯಾಲ ಪ್ಲಾಸ್ಟಿಕ್ ಸುತ್ತಿ ಎಣ್ಣಿ ಹಚ್ಚಿ ಕೊಟ್ರು. ಬಚ್ಚಲದಾಗ ಕಾಲು ಚಾಚಿ ಕುಂತು, ಕಾಲ ಮ್ಯಾಲ ಚೀಲ ಮಲಗಿಸಿ, ಬಲಗೈಲೆ ಹಿಡದು ಎಡಗೈಲೆ ನೀರು ಹಾಕ್ತಿದ್ದೆ. ಜೋಗುಳ ಹಾಡಿಕೋತ ಎರದೆ. ಕೈ ಚಲೋ ಹಿಡದಿತ್ತು. ಜೋಗುಳ ಮುಗೀತು. ಚೀಲ ಜಾರಿ ಬಚ್ಚಲದಾಗ ಬಿದ್ದು, ಹರದು, ಅಂಬಲಿ ಆಗಿ ಹರೀತು.

ನಾ ಅಲ್ಲೇ ಅಳಾಕ ಹತ್ತಿದೆ. ಕೂಸೇ ಬಿದ್ದಂಗ ಆತು. ಇವರು ಒಳಗ ಬಂದು ಹರದ ಚೀಲ ಎತ್ತಿದ್ರು. ಆಮ್ಯಾಲ, "ಪದ ನಿಂತ ಮ್ಯಾಲ ಬಿತ್ತು. ಮೊದಲ ಬೀಳಲಿಲ್ಲ" ಅಂದ್ರು.

ನಾ ಅಳೋದು ಬಿಟ್ಟೆ. ಖರೇ ಇತ್ತು. ಈ ಕೈ ನನ್ನ ಮಾತು ಕೇಳ್ತಿದ್ದಿಲ್ಲ, ಪದದ ಮಾತು ಕೇಳ್ತಿತ್ತು. ಜೋಗುಳಕ್ಕ ಒಂದು ಕಡಿ ಅದ, ಕೂಸು ಮಲಗಿದ್ರ ಮುಗೀತು. ಬೀಸೋ ಪದಕ್ಕ ಕಡಿ ಇಲ್ಲ. ಜ್ವಾಳ ಇರೋತನಕ ಅದು ನಡೀತದ, ಮುಗದ್ರ ಮತ್ತ ತಿರುಗಿ ಮೊದಲಿಂದ. ಮತ್ತೊಂದು ಚೀಲ ಹೊಲಿಸಿದೆ. ಅವ್ವನ ಪದ ಹಿಡದು ಎರದೆ. ಚೀಲ ಬೀಳಲಿಲ್ಲ, ಮರುದಿನಾನೂ ಬೀಳಲಿಲ್ಲ.

ಖಾಸಿಂಬಿ ಇದನ್ನ ನೋಡಿ ಬಾಯಿಗಿ ಸೆರಗು ಹಿಡಕೊಂಡು ನಕ್ಕಳು. "ಹಿಟ್ಟಿಗಿ ಎರದು ಏನ್ ತಿಳೀತದ? ಹಿಟ್ಟು ಅಳ್ತದೇನ, ಒದೀತದೇನ? ನನ್ನ ಮೊಮ್ಮಗನ್ನ ತರ್ತೀನಿ ನಾಳಿಗಿ." ಅಕಿ ಮಗಳು ಆಗ ಬಾಣಂತನಕ್ಕ ಬಂದಿದ್ಳು, ಹಾಲಿನಂಥ ಗಂಡು ಕೂಸು.

"ಬ್ಯಾಡ ಖಾಸಿಂಬಿ, ಏನರೆ ಆದ್ರ..."

"ಮೊಮ್ಮಗ ನನ್ನಂವ. ಕೊಡಾಕಿ ನಾ. ತಗೊಳ್ಳಾಕ ನಿನಗೇನಾಗ್ಯಾದ?"

ಮರುದಿನ ತಂದೇ ತಂದ್ಳು. ಕೂಸಿನ್ನ ನನ್ನ ಕಾಲ ಮ್ಯಾಲ ಮಲಗಿಸಿ ಎದುರಿಗಿ ಕುಂತ್ಳು. ನಾ ಒಂದು ಮಾತು ಹೇಳ್ತೀನಿ ಕೇಳ್ರಿ. ಅಕಿ ಕೈ ಚಾಚಿಕೊಂಡು ಕುಂದ್ರಲಿಲ್ಲ. ಬಿದ್ದೀತು ಹಿಡೀಬೇಕು ಅನ್ನೋಹಂಗ ನನ್ನ ಕೈ ಕಡಿ ನೋಡಲೂ ಇಲ್ಲ. ಎಲಿಗಿ ಸುಣ್ಣ ಹಚ್ಚಿಕೋತ, ತನ್ನ ಸೊಸಿ ದೂರು ಹೇಳಿಕೋತ ಕುಂತಿದ್ಳು. ಔಷಧಿ, ಗುಳಗಿ, ಸೂಜಿ ಎಲ್ಲಾ ಖರೇ. ಆದ್ರ ನನಗ ಆರಾಮ ಆದದ್ದು ಆ ದಿನ. ತನ್ನ ಮೊಮ್ಮಗನ್ನ ನನ್ನ ಕೈಯಾಗ ಕೊಟ್ಟು ಒಬ್ಬಾಕಿ ಸುಮ್ಮನ ಎಲಿ ತಿಂದ್ಳಲ್ಲ, ಆ ದಿನ.

ಹುಡುಗ ಒದ್ದ, ಚೀರಿದ, ನನ್ನ ಮ್ಯಾಲೇ ಉಚ್ಚಿ ಹೊಯ್ದ. ಪದ ನಾ ಬಿಡಲಿಲ್ಲ, ಕೈ ಹುಡುಗನ್ನ ಬಿಡಲಿಲ್ಲ.

ದಿನಾ ಹಿಂಗೇ ನಡದಿತ್ತು. ಒಂದು ಮುಂಜಾನೆ ತೆಲಿ ಎತ್ತಿ ನೋಡಿದ್ರ ಬಚ್ಚಲ ಬಾಗಲಾಗ ನಾಗಮ್ಮ ನಿಂತಾಳ. ಸುರಪುರದಿಂದ ಹೇಳದ ಕೇಳದ ಬಂದಿದ್ಳು. ನನ್ನ ಪದ ಒಂದು ಕ್ಷಣ ನಡಗಿತು. ಖಾಸಿಂಬಿ ಎಲಿ ಬಾಯಾಗಿಟ್ಟುಕೊಂಡೇ ಮುಂದಿನ ಸಾಲು ಎತ್ತಿದ್ಳು, ನಾ ಹಿಂದ ಹಿಡಕೊಂಡೆ. ಹುಡುಗನ ತೆಲಿ ತೊಳದೆ, ಮೈ ತೊಳದೆ, ಬೆನ್ನು ತಟ್ಟಿದೆ, ಬಟ್ಟಿಯಾಗ ಸುತ್ತಿ ಖಾಸಿಂಬಿ ಕೈಯಾಗ ಕೊಟ್ಟೆ.

ನಾಗಮ್ಮ ಹಂಡ್ಯಾಗ ಕೈ ಅದ್ದಿ ನೋಡಿದ್ಳು. "ನೀರು ಇನ್ನೊಂಚೂರು ಬಿಸಿ ಬೇಕಿತ್ತರಿ" ಅಂದ್ಳು. ಆಮ್ಯಾಲ ಸೆರಗಿಲೆ ಕೈ ಒರಸಿಕೋತ, "ಹುಡುಗಿನ್ನ ಯಾವಾಗ ಕಳಸಲಿ?"

ಶಹಾಪುರದ ದವಾಖಾನಿಯಾಗ ಶರಣಿ ಹಡದ್ಳು. ಹೆಣ್ಣು ಕೂಸು. ಮನಿಗಿ ತಂದ ಮ್ಯಾಲ ನಾನೇ ಎರಿಯಾಕ ಹತ್ತಿದೆ. ಮೊದಮೊದಲ ದನಿ ಎತ್ತರಲೆ ಹಾಡ್ತಿದ್ದೆ, ಓಣಿಗೆಲ್ಲ ಕೇಳೋಹಂಗ. ಮಂದಿ, ಭಾಗವ್ವನ ಮನ್ಯಾಗ ಕೂಸಿಗಿ ನೀರು ಬಿತ್ತು, ಹೊತ್ತಾತು, ನಾವೂ ಕೆಲಸಕ್ಕ ಹೋಗೋಣು ಅಂತಿದ್ರು. ಹೋದ ವಾರದಾಗ ಒಂದು ದಿನ ಕೂಸು ನೀರಾಗ ಬಾಯಿ ಮುಕ್ಕಳಿಸಿದಂಗ ಏನೋ ದನಿ ಮಾಡ್ತು. ನಾ ಅದನ್ನೇ ಕೇಳಿಕೋತ ಕುಂತೆ. ಎರದು ಮುಗಿಸಿ ಬಟ್ಟಿ ಸುತ್ತೋ ಮುಂದ ತಿಳೀತು, ನಾ ಹಾಡೇ ಇದ್ದಿಲ್ಲ. ಕೈ ತಾನೇ ಮಾಡಿತ್ತು.

ಶರಣಿಗಿ ಹೇಳಿದೆ. ಅಕಿ, "ನನಗ ಗೊತ್ತಾಗ್ಯಾದವ್ವ, ಕ್ವಾಣ್ಯಾಗ ಕುಂತು ಕೇಳಾಕತ್ತಿದ್ದೆ. ಪದ ನಿಂತಾಗ ಎದ್ದು ಬರೋಣಂದೆ, ಬರಲಿಲ್ಲ" ಅಂದ್ಳು. ಅಷ್ಟೇ ಅಂದ್ಳು.

ಹೆಸರಿನದು ಒಂದು ಗದ್ದಲ ಆತು. ಅಳಿಯ ಏನೇನೋ ಹೊಸ ಹೆಸರು ತಂದಿದ್ದ. ನನ್ನ ನಾಲಗಿಗಿ ಇನ್ನ ಒತ್ತಕ್ಷರ ಬಂದ್ರ ಎಡವ್ತದ. ಶರಣಿ ಎಲ್ಲಾ ಹೆಸರು ನನ್ನ ಕಡಿಂದ ಅನ್ನಿಸಿ ನೋಡಿ, "ಆಯಿ ಬಾಯಿಗಿ ಬರಲಾರದ ಹೆಸರು ಬ್ಯಾಡ" ಅಂತ ಗಂಡಗ ಹೇಳೇ ಬಿಟ್ಳು. ಮೀನಾ ಅಂತ ಆತು. ನಿನ್ನಿ ಕೂಸಿನ ಅತ್ತೆಂದಿರು ಅದರ ಕಿವಿಯಾಗ ಹೆಸರು ಊದಿದ್ರು, ಹೆಣ್ಣಮಕ್ಕಳು ಪದ್ಧತಿಯಂಗ ಅವರ ಬೆನ್ನಿಗಿ ಗುದ್ದಿದ್ರು, ತೊಟ್ಟಲ ತೂಗಿದ್ರು, ನಾ ಹಾಡಿದೆ. ಜೋಗುಳದಾಗ ನನಗ ಪ್ರೀತಿ ಯಾಕಂದ್ರ, ಅದನ್ನ ಚಲೋ ಹಾಡಿದ್ರ ಕೇಳೋರು ನಿದ್ದಿ ಹೋಗ್ತಾರ. ಭೇಷ್ ಅನ್ನೋರು ಯಾರೂ ಉಳಿಯಂಗಿಲ್ಲ. ಮೀನಾ ನಡುವೇ ಮಲಗಿದ್ಳು. ನಾ ಬಿಡಲಿಲ್ಲ, ಕಡೀತನಕ ಹಾಡಿದೆ.

ಬಂದ ಮಂದಿ ಹೋದ ಮ್ಯಾಲ ಸಂಜಿಗಿ ನಾವು ಮನಿ ಮಂದಿ ಪಡಸಾಲಿಯಾಗ ಉಣ್ಣಾಕ ಕುಂತಿವಿ. ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಮಧ್ಯಾಹ್ನದ ಹೋಳಗಿ ಉಳದಿದ್ವು. ಮನಿಯವರು, ದೇವು, ಅಳಿಯ, ನಾಗಮ್ಮ, ಖಾಸಿಂಬಿ, ನಾನು ಒಂದೇ ಸುತ್ತ. ಶರಣಿ ಬಾಣಂತಿ ಊಟ ಬ್ಯಾರೆ ಹಾಕ್ಕೊಂಡು ನನ್ನ ಎಡಕ್ಕ ಕುಂತಿದ್ಳು, ಕೂಸು ಅಕಿ ತೊಡಿ ಮ್ಯಾಲ.

"ನೋಡ್ರಿ ಬೀಗರ," ಅಂದ್ಳು ನಾಗಮ್ಮ ಹೋಳಗಿಗಿ ತುಪ್ಪ ಹಾಕ್ಕೋತ, "ಎರಡನೇದು ನಮ್ಮ ಮನ್ಯಾಗೇ ಆಗಬೇಕು, ಅದು ಪದ್ಧತಿ. ಆದ್ರೂ ನಾ ಇಲ್ಲಿಗೇ ಕಳಸ್ತೀನಿ."

"ಯತ್ತಿ, ಇದರ ಬಾಣಂತನಾನೇ ಇನ್ನ ಮುಗದಿಲ್ಲರಿ" ಅಂದ್ಳು ಶರಣಿ.

"ನಾ ಈಗಲೇ ಹೇಳಿ ಇಟ್ಟೀನಿ."

ಅಳಿಯ ತೆಲಿ ಎತ್ತಲಿಲ್ಲ. ಖಾಸಿಂಬಿಗಿ ನಕ್ಕು ನಕ್ಕು ಠಸಕಿ ಹತ್ತಿತು, ದೇವು ನೀರು ಕೊಟ್ಟ. ಆ ಗದ್ದಲಕ್ಕ ಕೂಸು ಎದ್ದು ಅಳಾಕ ಸುರು ಮಾಡ್ತು. ಶರಣಿ ಅದನ್ನ ಒಂದೇ ಕೈಲೆ ಎತ್ತಿ, ನನ್ನ ಕಡಿ ನೋಡದೇ ನನಗ ಕೊಟ್ಟಳು, ಕೊಟ್ಟು ತನ್ನ ಊಟಕ್ಕ ಹತ್ತಿದ್ಳು. ಕೂಸಿನ್ನ ಎಡಗೈಯಾಗ ಹಿಡಕೊಂಡು ಬಲಗೈಲೆ ರೊಟ್ಟಿ ಮುರದೆ. ಯಾರೂ ಊಟ ನಿಂದ್ರಿಸಲಿಲ್ಲ, ಯಾರೂ ನನ್ನ ಕೈ ಕಡಿ ನೋಡಲಿಲ್ಲ. "ಪಲ್ಯ ಇತ್ತಾಗ ಸರಸ್ರಿ" ಅಂದ್ರು ಮನಿಯವರು. ನಾ ಸರಸಿದೆ.